ಎರವಲು ಹೋದವನ ಗೋಲು

ನೆರಳೂರು, ಕಾಳಿ ಹೊಳೆಯ ಎಡದಂಡೆ
ಮೇ ತಿಂಗಳ ಐವತ್ತೊಂಬತ್ತನೆಯ ದಿನ

ಬಾಳೇಶಜ್ಜನವರಿಗೆ ನಿಮ್ಮ ಮರಿಮಗಳ ಮರಿಮಗಳು ಚಂಪವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಮುಗಿಯುವವರೆಗೂ ಮೇ ತಿಂಗಳು ಮುಗಿಯುವುದಿಲ್ಲ. ನನ್ನ ಕನ್ನಡ ನಿಮಗೆ ಸೊಟ್ಟಗೆ ಕಂಡೀತು, ಕ್ಷಮಿಸಿ. ನಿಮಗಿನ್ನೂ ಮೂವತ್ತು ತುಂಬಿಲ್ಲ, ನನಗೆ ಅರವತ್ತಾಯಿತು. ಆದರೂ ಅಜ್ಜ ನೀವೇ, ಏನು ಮಾಡುವುದು.

ನೆರಳೂರು ಎಂದರೆ ಒಂದೇ ಚಾವಣಿಯ ಕೆಳಗಿರುವ ಊರು. ಬಿಸಿಲೇರಿದ ಮೇಲೆ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ನಸುಕಿನಲ್ಲೇ ಜೋಳ ಬೀಸಿ, ಬಟ್ಟೆ ಒಗೆದು ಒಳಸೇರುತ್ತೇವೆ. ಮಧ್ಯಾಹ್ನವೆಲ್ಲ ಮಲಗಿ ಮೈ ನೋಯಿಸಿಕೊಳ್ಳುತ್ತೇವೆ. ಕುಡಿಯುವ ನೀರನ್ನು ತಲೆ ಎಣಿಸಿ ಕೊಡುತ್ತಾರೆ. ಅದಕ್ಕೇ ಒಂದು ನೆರಳೂರಿನವರು ಇನ್ನೊಂದಕ್ಕೆ ಕಾಲಿಡಬಾರದು, ಹೆರಿಗೆಗೂ ಇಲ್ಲ, ಹೆಣ ಹೊರುವುದಕ್ಕೂ ಇಲ್ಲ. ಆಚೆ ದಂಡೆಯ ನೆರಳೂರಿನವರ ಮುಖ ನಮಗೆ ಗೊತ್ತು, ಹೆಸರು ಗೊತ್ತಿಲ್ಲ.

ನಿಮ್ಮ ಕಾಳಿತೀರ ಲೀಗಿನ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನೀವೆಲ್ಲ ಪೂರ್ತಿ ಆಟಗಾರರೂ ಅಲ್ಲ, ಪೂರ್ತಿ ಕಾರ್ಮಿಕರೂ ಅಲ್ಲ. ವಾರವೆಲ್ಲ ಕಾಗದದ ಮಿಲ್ಲಿನ ಪಾಳಿ, ಭಾನುವಾರ ಭತ್ಯೆಗೆ ಫುಟ್‌ಬಾಲು. ಪಾಳಿ ಬಿಡದೆ ಎಷ್ಟೋ ಸಲ ಹೊರಗಿನ ತಂಡ ಹತ್ತೇ ಜನರೊಂದಿಗೆ ಬಂದಿಳಿಯುತ್ತಿತ್ತು. ಆಗ ಊರಿನ ತಂಡ ತನ್ನವನೊಬ್ಬನನ್ನು ಎರವಲು ಕೊಡಬೇಕು. ನಾಯಕನೇ ಕೈಯಾರೆ ಅವನಿಗೆ ಎದುರಾಳಿಯ ಅಂಗಿ ತೊಡಿಸಬೇಕು. ತೊಟ್ಟ ಮೇಲೆ ಆ ಆಟ ಮುಗಿಯುವ ತನಕ ಅವನು ಅವರವನು. ಇಂಥ ಪದ್ಧತಿ ಬೇರೆಲ್ಲಾದರೂ ಇತ್ತೋ ಇಲ್ಲವೋ, ನಾನು ಕೇಳಿಲ್ಲ.

ಎಲ್ಲ ಊರಿನವರೂ ಜಾಣರೇ, ಕೈಲಾಗದವನನ್ನೇ ಕೊಡುತ್ತಿದ್ದರು. ಫೈನಲ್ಲಿನಲ್ಲಿ ನಿಮ್ಮನ್ನು ಕೊಟ್ಟದ್ದೂ ಹಾಗೆಯೇ. ಬೇಜಾರು ಮಾಡಿಕೊಳ್ಳಬೇಡಿ ಅಜ್ಜಾ, ಇಡೀ ವರ್ಷ ಒಂದೂ ಗೋಲು ಹೊಡೆಯದವರು ನೀವು. ಆ ದಿನ ಮಾತ್ರ ಹೊಡೆದಿರಿ. ನಿಮ್ಮೂರು ಸೋತಿತು. ಮರುದಿನದಿಂದ ಚಹಾದಂಗಡಿಯಲ್ಲಿ ನೀವು ಕೂತ ಬೆಂಚಿನಿಂದ ಜನ ಎದ್ದು ಹೋಗತೊಡಗಿದರು. ಎರವಲಿನ ಪದ್ಧತಿಯನ್ನೇ ತೆಗೆದುಹಾಕಲು ಸಭೆ ಕರೆದರು. ಸಭೆಯ ಭಾನುವಾರ ಚಪ್ಪಲಿ ಮೆಟ್ಟುತ್ತಿದ್ದ ನಿಮಗೆ ನಿಮ್ಮ ಮನೆಯಾಕೆ ಸುಂದ್ರವ್ವಜ್ಜಿ ಹೇಳಿದ್ದು ಇವತ್ತಿಗೂ ನಮ್ಮ ಬಾಯಲ್ಲಿದೆ: "ಕೊಟ್ಟ ಮ್ಯಾಲ ನೀವು ಅವರ ಕಡ್ಯಾವ್ರು. ಗೋಲ್ ಹೊಡದ್ರ ತಪ್ಪೇನೈತಿ? ತೆಗೀರಿ ಅಂತ ಕೈ ಎತ್ತಬ್ಯಾಡ್ರಿ ಮತ್ತ."

ನೀವು ಎತ್ತಿದಿರಿ. ಸಭೆ ಸರಿಸಮ ಒಡೆದಿತ್ತು, ನಿಮ್ಮ ಕೈಯಿಂದಲೇ ಪದ್ಧತಿ ಹೋಯಿತು. ಆಮೇಲೆ ಹತ್ತು ಜನ ಬಂದ ತಂಡ ಆಡದೆಯೇ ಸೋತು ವಾಪಸಾಗತೊಡಗಿತು. ಕ್ರಮೇಣ ಬರುವುದನ್ನೇ ಬಿಟ್ಟಿತು. ಲೀಗು ಹೇಗೆ ಸತ್ತಿತೆಂದು ಕೇಳಿದರೆ ಮಿಲ್ಲಿನ ಕಡೆ ಬೆರಳು ತೋರಿಸುವವರೇ ಎಲ್ಲ. ನಮ್ಮ ಮನೆಯವರಿಗೆ ಮಾತ್ರ ನಿಮ್ಮ ಕೈ ನೆನಪಾಗುತ್ತದೆ.

ಈಗ ನಿಮ್ಮನ್ನು ಯಾಕೆ ಕೆದಕಿದೆ ಎನ್ನುತ್ತೀರಿ. ನನ್ನ ಮೊಮ್ಮಗಳು ಕೆಂಚಿ ನಸುಕಿನಲ್ಲಿ ಆಡಲು ಹುಡುಗಿಯರ ಒಂದು ತಂಡ ಕಟ್ಟಿದ್ದಾಳೆ. ಹತ್ತು ಜನರಿದ್ದಾರೆ, ಹನ್ನೊಂದನೆಯವರು ಈ ನೆರಳೂರಿನಲ್ಲೇ ಇಲ್ಲ. ಆಚೆ ದಂಡೆಯಲ್ಲಿ ಹದಿಮೂರು ಮಂದಿ. ಒಬ್ಬರನ್ನು ಒಂದು ಆಟಕ್ಕೆ ಕೊಡಿ, ನೀರು ನಮ್ಮ ಪಾಲಿನದು ಎಂದು ನಾನೇ ದಂಡೆಯಲ್ಲಿ ನಿಂತು ಕೂಗಿದೆ. "ನಾವು ಕೊಟ್ಟಾಕಿ ಅಲ್ಲೇ ನಿಂತ್ರ ಏನ್ ಮಾಡೂದಬೇ ಯವ್ವಾ?" ಎಂದು ಅತ್ತಲಿಂದ ಒಬ್ಬಳು ಕೂಗಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ನಿಮ್ಮ ಸಭೆಯ ಹೆದರಿಕೆಯೂ ಅದೇ ಇದ್ದಿರಬೇಕು.

ಇದು ಹಿಂದೋಲೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ. ಇದಕ್ಕೊಂದು ಕೆಟ್ಟ ಗುಣವಿದೆ. ಏನನ್ನಾದರೂ ತಪ್ಪಿಸಬಲ್ಲ ಓಲೆ, ಅದು ನಡೆದು ಮುಗಿದ ಮೇಲೆಯೇ ತಲುಪುತ್ತದೆ. ಸಭೆಗೆ ಮುಂಚೆ ಸಿಗಲೆಂದು ಬಗೆಬಗೆಯಾಗಿ ಬರೆದು ನೋಡಿದೆ, ಆಗಲಿಲ್ಲ. ನಿಮಗಿದು ಸಭೆಯ ಮರುದಿನ, ಸೋಮವಾರ ಸಿಗುತ್ತದೆ. ಕೈ ಇಳಿಸಿ ಮನೆಗೆ ಬಂದು ಕೂತಿರುತ್ತೀರಿ, ಅಜ್ಜಿ ಮಾತು ಬಿಟ್ಟಿರುತ್ತಾರೆ. ನನ್ನ ಕೈಲಿ ಏನೂ ಇಲ್ಲ. ಇದನ್ನು ಅಜ್ಜಿಗೆ ಓದಿ ಹೇಳಿ, ಅಷ್ಟೇ ಕೇಳುವುದು.

ನಿಮ್ಮ ಗೋಲು ತಪ್ಪಲ್ಲ ಅಜ್ಜಾ. ಅದು ಚೆಂದದ ಗೋಲಂತೆ.

ಬೆಳಕು ಹರಿಯುತ್ತಿದೆ, ಕೆಂಚಿಯ ಹುಡುಗಿಯರು ಮರಳಿಗಿಳಿದಿದ್ದಾರೆ. ಇನ್ನೂ ಯಾರೂ ತೊಡದ ಹನ್ನೊಂದನೆಯ ಅಂಗಿಯನ್ನು ಕೋಲಿಗೆ ಸಿಕ್ಕಿಸಿ ದಂಡೆಯಲ್ಲಿ ನೆಟ್ಟಿದ್ದಾರೆ. ಆಚೆಯವರು ಕೂತು ನೋಡುತ್ತಿದ್ದಾರೆ.

ನಿಮ್ಮವಳೇ ಆದ
ಚಂಪವ್ವ