ಸರ್ದಾರಬಿಯ ಹೆಸರು ಒತ್ತಿದರೆ ಏನೂ ತೆರೆಯುವುದಿಲ್ಲ

ಕರಕುಶಲ ವೆಬ್‌ಸೈಟಿನ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ತಾವು ಬಸವಕಲ್ಯಾಣದಲ್ಲಿ ದೀಪ ಹಚ್ಚಿ ಉದ್ಘಾಟಿಸಿದ ವೆಬ್‌ಸೈಟು ತಮ್ಮ ಮೇಜಿನ ಮೇಲೆ ಮಾತ್ರ ಪೂರ್ತಿ ತೆರೆಯುತ್ತದೆ. ಹೊರಗಿನವರಿಗೆ ಕಾಣುವುದು ಒಂದೇ ಪುಟ. ಮೇಲೆ ತಮ್ಮ ಭಾವಚಿತ್ರ, ಅಡಿಯಲ್ಲಿ ಗೆರೆ ಎಳೆದ ನೀಲಿ ಅಕ್ಷರಗಳಲ್ಲಿ ಕುಶಲಕರ್ಮಿಗಳ ಹೆಸರುಗಳು. ಹೆಸರು ಒತ್ತಿದರೆ ಅವರವರ ಪುಟ ಬರಬೇಕು. ಬರುವುದಿಲ್ಲ.

ಕಾರಣ ತಮಗೆ ಗೊತ್ತಿದೆ, ಈ ಬಹಿರಂಗ ಪತ್ರ ಓದುವ ಉಳಿದವರಿಗಾಗಿ ಬರೆಯುತ್ತೇನೆ. ನೀಲಿ ಅಕ್ಷರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ವಿಳಾಸ ಇರುತ್ತದೆ. ಒತ್ತಿದವನನ್ನು ಅದು ಅಲ್ಲಿಗೆ ಒಯ್ಯುತ್ತದೆ. ತಮ್ಮವರು ಬರೆದಿಟ್ಟದ್ದು ತಮ್ಮ ಕಂಪ್ಯೂಟರಿನ ಸಿ ಡ್ರೈವಿನ ವಿಳಾಸ. ನಾನು ಮಾಡಿ ಫ್ಲಾಪಿಯಲ್ಲಿ ತಂದುಕೊಟ್ಟ ಪುಟಗಳು ಇನ್ನೂ ಅದರೊಳಗೇ ಇವೆ. ಪುಣೆಯಲ್ಲಿ ಕೂತ ಯಾರಾದರೂ ಆ ಪಟ್ಟಿಯ ಸರ್ದಾರಬಿಯ ಹೆಸರು ಒತ್ತಿದರೆ ಪುಣೆಯ ಕಂಪ್ಯೂಟರು ತನ್ನ ಹೊಟ್ಟೆಯಲ್ಲೇ ಆಕೆಯನ್ನು ಹುಡುಕುತ್ತದೆ. ಮಂಠಾಳ ಹಳ್ಳಿಯ ಹೆಣ್ಣುಮಗಳು ಅಲ್ಲಿ ಹೇಗೆ ಸಿಗಬೇಕು?

ಎಸ್‌ಟಿಡಿ ಬೂತಿನಿಂದ ಇಂಟರ್ನೆಟ್ ಅಂಗಡಿಗೆ ಏರಿದವನು ನಾನು, ಪುಟ ಮಾಡುವುದನ್ನು ಕೆಡಿಸಿ ಕೆಡಿಸಿ ಕಲಿತವನು. ಆದ್ದರಿಂದಲೇ ಉದ್ಘಾಟನೆಗೆ ಮುಂಚೆ ಕೇಳಿದ್ದೆ: "ಇಲ್ಲಿ ತೆರದಂಗ ಹೊರಗೂ ತೆರಿತಾವಲ್ರಿ, ಸಾಹೇಬ್ರ?" ತಾವು ಹೆಗಲ ಮೇಲೆ ಕೈಯಿಟ್ಟು "ನಾ ಇದ್ದೀನಲ್ಲೋ ಧನರಾಜ" ಅಂದಿರಿ. ಬೆಲ್ಲವನ್ನೂ ತೂಗಿಸಿಯೇ ಒಯ್ಯುವ ನಾನು ಆ ಮಾತನ್ನು ತೂಗದೆ ಒಯ್ದೆ. ಒಯ್ದವನು ನೇರ ಮಂಠಾಳಕ್ಕೆ ಹೋಗಿ ಸರ್ದಾರಬಿಗೆ ಒಪ್ಪಿಸಿದೆ.

ಆಕೆ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು. ಪುಣೆಯ ಕರಕುಶಲ ಪ್ರದರ್ಶನದವರು ವೆಬ್‌ಸೈಟು ನೋಡಿ ಆರಿಸುತ್ತಾರೆಂದು ನಾನು ಹೇಳಿದ್ದೇ ತಡ, ಪ್ರತಿ ವರ್ಷ ಕೌದಿ ಕೊಂಡೊಯ್ಯುತ್ತಿದ್ದ ಬಸವಕಲ್ಯಾಣದ ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಿದಳು. ಪುಣೆಯವರು ನೋಡಿದರು, ಏನೂ ಕಾಣಲಿಲ್ಲ, ಬೇರೆ ಊರಿನವರನ್ನು ಆರಿಸಿದರು. ವ್ಯಾಪಾರಿ ಈಗ ಆಕೆಯ ಓಣಿಗೇ ಕಾಲಿಡುತ್ತಿಲ್ಲ. ಕೊಳ್ಳುವ ಮನೆ ಗೊತ್ತಾದ ಮೇಲೆಯೇ ಕೌದಿಯ ಕೊನೆಯ ಮೂಲೆಯೊಳಗೆ ಚೂರು ರೊಟ್ಟಿ ಇಟ್ಟು ಹೊಲಿದು ಮುಚ್ಚುವುದು ಆಕೆಯ ಪದ್ಧತಿ, ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದಂತೆ. ಗೋಡೆಗೆ ಒಟ್ಟಿದ ಕೌದಿಗಳೆಲ್ಲ ಮೂಲೆ ತೆರೆದುಕೊಂಡೇ ಬಿದ್ದಿವೆ. ಮೊನ್ನೆ ಹೋದಾಗ ಆಕೆ ಬೈಯಲಿಲ್ಲ.

"ಧನರಾಜ ಭಾಯಿ, ನನ್ನ ಹೆಸರ ಮ್ಯಾಲ ಒತ್ತಿದ್ರ ಯಾರೂ ಇಲ್ಲ ಅಂತ ಬರ್ತದಂತ. ನಾ ಇಲ್ಲೇ ಇದ್ದೀನಲ್ಲ?"

ಅಲ್ಲಿಂದ ಎದ್ದು ತಮ್ಮ ಕಚೇರಿಗೇ ಬಂದೆ. ತಪ್ಪು ವಿಳಾಸದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ತಾವು ಇಲ್ಲ ಅನ್ನಲಿಲ್ಲ, ಬಾಗಿಲು ಮುಂದೆ ಮಾಡಿ ಮೆಲ್ಲಗೆ ಅಂದಿರಿ: "ಈಗ ತಿದ್ದಿದ್ರ ಅವತ್ತು ಮಂದಿ ಮುಂದ ತೆರದದ್ದು ಸುಳ್ಳಾತದಲ್ಲೋ." ಅಂದರೆ ಉದ್ಘಾಟನೆ ನಿಜವಾಗಿ ಉಳಿಯಲು ಸರ್ದಾರಬಿ ಸುಳ್ಳಾಗಬೇಕೇ? ಅಜ್ಞಾನವಾಗಿದ್ದರೆ ನಾನೇ ಕೂತು ತಿದ್ದಿಕೊಡುತ್ತಿದ್ದೆ. ತಿಳಿದೂ ಬಿಟ್ಟದ್ದನ್ನು ನಾನು ಹೇಗೆ ತಿದ್ದಲಿ?

ನನ್ನ ಬೇಡಿಕೆ ದೊಡ್ಡದಲ್ಲ. ಆ ಪುಟಗಳನ್ನು ಇಂಟರ್ನೆಟ್ಟಿಗೆ ಏರಿಸಿ, ವಿಳಾಸ ತಿದ್ದಿಸಿ. ಆಮೇಲೆ ಕಚೇರಿ ಬಿಟ್ಟು ಹುಮನಾಬಾದಿನ ನನ್ನ ಅಂಗಡಿಗೆ ಬನ್ನಿ. ಸರ್ದಾರಬಿಯನ್ನು ಕರೆಸುತ್ತೇನೆ. ಆಕೆಯ ಎದುರಿಗೆ ಆಕೆಯ ಹೆಸರನ್ನು ತಾವೇ ಒತ್ತಿ. ತೆರೆಯದಿದ್ದರೆ ಯಾಕೆಂದು ತಾವೇ ಹೇಳಿ. ನನ್ನ ಮಾತನ್ನು ಆಕೆ ಈಗ ನಂಬುವುದಿಲ್ಲ.

ಇಂತಿ,
ತಮ್ಮ ಮಾತಿಗೆ ಮಂಠಾಳದಲ್ಲಿ ಜಾಮೀನು ನಿಂತ
ಧನರಾಜ
ಹುಮನಾಬಾದ್, ೨೦೦೩