ಶನಿವಾರದ ಶಟರ್

ನವೆಂಬರ್ 6, ಮಂಗಳವಾರ

ಮೊಟ್ಟೆ ಬೆಂದವು. ಟ್ಯೂನಾ ಮೀನಿನ ಡಬ್ಬಗಳನ್ನು ತೆರೆದದ್ದಾಯಿತು. ಆಲಿವ್ ಹೆಚ್ಚುತ್ತಿದ್ದೆ... ಅಷ್ಟರಲ್ಲಿ ಖಮ್ಮೂಸ್ ಒಂದೇ ಬ್ರೆಡ್ಡಿಗೆ ಎರಡು ಸಲ ಹರಿಸ್ಸಾ ಖಾರ ಬಳಿದುಬಿಟ್ಟ. ಗಿರಾಕಿ ಪಾಪ, ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ಟ್ಯೂನಿಸ್‌ನಲ್ಲಿ ಹಸುಗೂಸುಗಳಿಗೂ ಇದಕ್ಕಿಂತ ಹೆಚ್ಚು ಖಾರ ಹಾಕುತ್ತೇವೆ ಅಂದೆ. ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಇತ್ತೀಚೆಗೆ ನನ್ನ ಕೆಲಸವೇ ಇದು. ಅವನು ಮರೆಯುವುದು, ನಾನು ನಗಿಸುವುದು. ನಿನ್ನೆ ಉಪ್ಪುನಿಂಬೆ ಭರಣಿ ಎಲ್ಲಿ ಎಂದು ಹುಡುಕಿದ — ಕಂಕುಳಲ್ಲೇ ಇಟ್ಟುಕೊಂಡು. ಎಂದೋ ಸತ್ತುಹೋದ ತನ್ನ ತಮ್ಮನ ಹೆಸರು ಹಿಡಿದು ಕಳೆದ ವಾರ ನನ್ನನ್ನು ಕರೆದ. ಓಗೊಟ್ಟೆ. ಏನು ಮಾಡುವುದು.

ನಾಲ್ಕು ಸ್ಟೂಲು, ಒಂದು ಕಟ್ಟೆ, ಕರಿಹಿಡಿದ ಬಾಣಲೆ. ಇಡೀ ಬೆಲ್ವಿಲ್‌ನಲ್ಲಿ ಇಷ್ಟು ಹಳೇ ಅಂಗಡಿ ಇನ್ನೊಂದಿಲ್ಲ. ಅವನು ಯೆಹೂದಿ, ನಾನು ಮುಸಲ್ಮಾನ, ಇಬ್ಬರೂ ಟ್ಯೂನಿಸ್‌ನ ಒಂದೇ ಗಲ್ಲಿಯಿಂದ ಈ ಪರದೇಶಕ್ಕೆ ಬಂದವರು. ನನ್ನ ತಲೆಗೂದಲು ಕಪ್ಪಗಿದ್ದಾಗ ಇವನ ಹತ್ತಿರ ಕೆಲಸಕ್ಕೆ ಸೇರಿದೆ. ನಾನು ಅಣ್ಣ ಅನ್ನುತ್ತೇನೆ. ಅವನು ಕತ್ತೆ ಅನ್ನುತ್ತಾನೆ. ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ನವೆಂಬರ್ 9, ಶುಕ್ರವಾರ

ನಟಾಫ್ ಬಂದಿದ್ದ. ಕೋಷರ್ ನೋಡುವವನು — ಅಂದರೆ ಯೆಹೂದಿಗಳ ಊಟದ ಮಡಿ. ಪಾತ್ರೆ ನೋಡಿದ, ಡಬ್ಬಗಳ ಚೀಟಿ ಓದಿದ, ಮಡಿ ಸರಿಯಿದೆ ಎಂಬ ಹೊಸ ಪತ್ರವನ್ನು ಬಾಗಿಲ ಗಾಜಿಗೆ ಅಂಟಿಸಿದ. ಆ ಪತ್ರ ಹೋದರೆ ಅಂಗಡಿಯೂ ಹೋದಂತೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅದನ್ನು ನೋಡಿಯೇ ಒಳಗೆ ಕಾಲಿಡುವವರು.

ಖಮ್ಮೂಸ್ ಹುಷಾರಾಗಿದ್ದಾನಾ ಎಂದು ಕೇಳಿದ. ಗುಂಡುಕಲ್ಲಿನ ಹಾಗಿದ್ದಾನೆ ಅಂದೆ.

ಹೊತ್ತು ಮುಳುಗುವ ಮೊದಲೇ ಒಲೆ ಆರಿಸಿ ಶಟರ್ ಎಳೆದೆವು. ನಾಳೆ ಸಬ್ಬತ್. ಕೆಲಸವಿಲ್ಲ, ಬೆಂಕಿ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ಅವನ ಗರ್ವ ನೋಡಬೇಕು. ಮಗಳು ಹುಟ್ಟಿದ್ದು ಶನಿವಾರ. ಗಾಡಿ ಹತ್ತಬಾರದೆಂದು ಊರಿನ ಆ ತುದಿಯ ಆಸ್ಪತ್ರೆಗೆ ನಡೆದೇ ಹೋದನಂತೆ. "ಒಂದೇ ಒಂದು ಶನಿವಾರ ತಪ್ಪಿಲ್ಲ ಕಣೋ. ನನ್ನ ಹತ್ರ ಬೇರೆ ಏನೈತೆ ಹೇಳು, ದೇವರ ಮುಂದೆ ಹಿಡಿಯೋಕೆ?" ಅಂದ ಇವತ್ತು, ಬೀಗ ಹಾಕುತ್ತ.

ನವೆಂಬರ್ 17, ಶನಿವಾರ. ಮಧ್ಯಾಹ್ನ.



ಬೆಳಿಗ್ಗೆ ಹಾಲಿಗೆಂದು ಇಳಿದೆ. ದೂರದಿಂದಲೇ ಕಂಡಿತು. ಶಟರ್ ಮೇಲಿತ್ತು. ಕಳ್ಳರೆಂದು ಓಡಿದೆ. ಒಳಗೆ ಖಮ್ಮೂಸ್, ಏಪ್ರನ್ ಕಟ್ಟಿಕೊಂಡು, ಒಲೆ ಹಚ್ಚಿ ಎಣ್ಣೆ ಕಾಯಿಸುತ್ತಿದ್ದಾನೆ. ಹಿಟ್ಟಿನ ಉಂಡೆಗಳು ಸಾಲಾಗಿ ಕೂತಿವೆ. "ಈಗ ಬಂದ್ಯಾ ಕತ್ತೆ? ಮಾರ್ಕೆಟ್ ದಿನ ಇಷ್ಟು ತಡ ಮಾಡಿದ್ರೆ ಹೆಂಗೆ?"

ಮಾರ್ಕೆಟ್ ಮಂಗಳವಾರ, ಶುಕ್ರವಾರ. ಅವನ ತಲೆಯಲ್ಲಿ ಇವತ್ತು ಮಂಗಳವಾರ.

ಇವತ್ತು ಶನಿವಾರ ಅಂತ ಒಂದು ಮಾತು ಹೇಳಿದ್ದರೆ ಅಲ್ಲೇ ಕುಸಿಯುತ್ತಿದ್ದ. ಕೆಳಗಿನ ನೆಲಮಾಳಿಗೆಯಿಂದ ಆಲೂಗಡ್ಡೆ ತಾ ಎಂದು ಅವನನ್ನೇ ಕಳಿಸಿದೆ. ಮೆಟ್ಟಿಲು ಇಳಿದ. ಒಲೆ ಆರಿಸಿ ತಿರುಗಿದರೆ ಬಾಗಿಲಲ್ಲಿ ನಟಾಫ್. ಪ್ರಾರ್ಥನೆಗೆ ಹೊರಟವನು, ಟೋಪಿ, ಕರಿ ಕೋಟು.

ಏನಿದು ಅಂದ.

ನಾನೇ ತೆರೆದೆ ಅಂದೆ. ಅಣ್ಣನಿಗೆ ಗೊತ್ತಿಲ್ಲ, ಹೇಗೂ ಮುಚ್ಚಿರುತ್ತದಲ್ಲ, ನನ್ನ ಕೈಖರ್ಚಿಗೆ ಆಗಲಿ ಅಂತ. ಎಲ್ಲಿಂದ ಬಂತೋ ಆ ಸುಳ್ಳು, ನೀರು ಕುಡಿದಷ್ಟು ಸಲೀಸಾಗಿ. ಅವನು ಬಾಣಲೆಯನ್ನೇ ನೋಡುತ್ತ ನಿಂತ. ನಂತರ ನೆಲಕ್ಕೆ ಉಗುಳಲು ಹೋಗಿ, ಉಗುಳದೆ ಹೊರಟುಹೋದ.

ಖಮ್ಮೂಸ್ ಮೇಲೆ ಬಂದ. ಮುನಿಸಿಪಾಲಿಟಿಯವರು ನೀರು ನಿಲ್ಲಿಸಿದ್ದಾರೆ, ಮನೆಗೆ ಹೋಗೋಣ ಅಂದೆ. ಅವರಿಗೆ ಬೈಯುತ್ತ ಬಂದ. ಅವನ ಹೆಂಡತಿ ಫೊರ್ತುನೆ ಅಕ್ಕ ಬಾಗಿಲು ತೆಗೆದಳು. ಗಂಡ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದಾನೆಂದೇ ತಿಳಿದಿದ್ದಳು. ನನ್ನನ್ನು ನೋಡಿದಳು. ನಾನು ಅವನನ್ನು ಒಳಗೆ ಬಿಟ್ಟು ಮೆಟ್ಟಿಲಿಳಿದೆ.

ನನಗೇನು, ನನಗೆ ಸಬ್ಬತ್ ಇಲ್ಲ. ನಾಲ್ಕು ಬೈಗುಳ ತಿಂದರಾಯಿತು.

ನವೆಂಬರ್ 18, ಭಾನುವಾರ

ನಾಲ್ಕು ಬೈಗುಳವಂತೆ. ಎಂಥ ದಡ್ಡ ನಾನು.

ನಟಾಫ್ ಬೆಳಿಗ್ಗೆಯೇ ಬಂದ. ಹಾಳಾದ್ದು, ಇವತ್ತು ಖಮ್ಮೂಸನ ತಲೆ ನಿಚ್ಚಳವಾಗಿತ್ತು. ವಾರ, ತಾರೀಖು, ಎಲ್ಲ ಸರಿ. ನಿನ್ನೆಯದು ಮಾತ್ರ ಇಲ್ಲ. ನಿನ್ನೆ ಎಲ್ಲಿದ್ದೆ ಎಂದರೆ ಪ್ರಾರ್ಥನೆಯಲ್ಲಿ ಅಂದ, ಆಣೆ ಮಾಡುವವನ ಹಾಗೆ. ಪುಣ್ಯಕ್ಕೆ ನಟಾಫ್ ಹೋಗುವ ಮಂದಿರ ಬೇರೆ. ನಟಾಫ್ ಹೇಳಿದ್ದು ಇಷ್ಟು: ಪಾತ್ರೆಗಳನ್ನೆಲ್ಲ ಮಡಿ ಮಾಡಿಸಬೇಕು, ಬೀಗ ಬದಲಿಸಬೇಕು, ತಯ್ಯೆಬ್, ಅಂದರೆ ನಾನು, ಇನ್ನು ಈ ಕಟ್ಟೆಯ ಹಿಂದೆ ನಿಲ್ಲಕೂಡದು. ಹಾಗಿದ್ದರೆ ಪತ್ರ ಉಳಿಯುತ್ತದೆ.

ಖಮ್ಮೂಸ್ ನನ್ನ ಕಡೆ ತಿರುಗಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹೌದೇನೋ?"

ಫೊರ್ತುನೆ ಅಕ್ಕ ಮೂಲೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಹೌದು ಅಂದೆ.

"ನನ್ನ ಮಕ್ಕಳ ಕೈಗೂ ಕೊಡದ ಬೀಗದ ಕೈ ನಿನ್ನ ಕೈಗೆ ಕೊಟ್ಟಿದ್ದೆ. ಕಾಸು ಬೇಕಿದ್ರೆ ಬಾಯಿ ಬಿಟ್ಟು ಕೇಳೋದಲ್ವಾ? ಸಬ್ಬತ್ ದಿನ ನನ್ನ ಒಲೇಲಿ ಬೆಂಕಿ ಹಚ್ಚಿದ್ಯಲ್ಲೋ, ತಯ್ಯೆಬ್."

ಏಪ್ರನ್ ಬಿಚ್ಚಿ ಕೊಟ್ಟೆ. ಮನೆಗೆ ಬಂದು ಒಬ್ಬನೇ ಅತ್ತೆ. ಬರೆಯಲು ನಾಚಿಕೆಯೇನು, ಅತ್ತೆ.

ಡಿಸೆಂಬರ್ 4, ಮಂಗಳವಾರ

ಮಾರ್ಕೆಟ್ಟಿನಲ್ಲಿ ಫೊರ್ತುನೆ ಅಕ್ಕ ಸಿಕ್ಕಳು. ಸೊರಗಿದ್ದಾಳೆ. ಈಗ ಅವಳೇ ಅಂಗಡಿಯಲ್ಲಿ ನಿಲ್ಲುತ್ತಾಳೆ, ಅವನ ಬೆನ್ನ ಹಿಂದೆ. ಟೊಮೆಟೊ ಆರಿಸುವ ನೆಪದಲ್ಲಿ ಪಕ್ಕಕ್ಕೆ ಬಂದಳು.

"ಅವತ್ತೇ ಗೊತ್ತಾಯ್ತು ತಯ್ಯೆಬ್. ಅಂಗಿ ತೋಳಲ್ಲಿ ಎಣ್ಣೆ ವಾಸನೆ ಇತ್ತು. ಪ್ರಾರ್ಥನೆಗೆ ಹೋದವರ ಅಂಗೀಲಿ ಎಣ್ಣೆ ವಾಸನೆ ಎಲ್ಲಿಂದ ಬರುತ್ತೆ?"

ಮತ್ತೆ ಭಾನುವಾರ ಯಾಕೆ ಸುಮ್ಮನಿದ್ದೆ ಅಂತ ಕೇಳಬೇಕೆಂದಿದ್ದೆ. ಅವಳೇ ಹೇಳಿದಳು, ಒಲೆ ಹಚ್ಚಿದ್ದು ತಾವೇ ಅಂತ ತಿಳಿದರೆ ಅವರು ಉಳಿಯೋದಿಲ್ಲ ಎಂದು. ಗೊತ್ತು. ಗೊತ್ತಿದ್ದೇ ಮಾಡಿದೆ. ಆದರೂ ಸಿಟ್ಟು ಬಂತು, ಇವಳ ಮೇಲೆ, ಅವನ ಮೇಲೆ, ಆ ಟೊಮೆಟೊ ಮಾರುವವನ ಮೇಲೆ.

ಇನ್ನೊಂದು ಹೇಳಿದಳು. ಮಗಳ ಹೆಸರು ಮರೆತಿದ್ದಾನಂತೆ. ಬಚ್ಚಲು ಯಾವ ಕಡೆ ಎಂಬುದೂ ಮರೆಯುತ್ತದಂತೆ. ಇದೊಂದು ಮಾತ್ರ ಮರೆಯುತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತಾನಂತೆ, ತಯ್ಯೆಬ್ ಸಬ್ಬತ್ ದಿನ ಒಲೆ ಹಚ್ಚಿದ.

ಆ ಕಡೆ ಬರಬೇಡ ಎಂದು ಕೈ ಹಿಡಿದು ಬೇಡಿಕೊಂಡಳು. ಸರಿ ಅಂದೆ.

ಡಿಸೆಂಬರ್ 13, ಗುರುವಾರ

ಹೋದೆ. ಒಳಗೆ ಹೋಗುವ ಮನಸ್ಸಿರಲಿಲ್ಲ, ಆಣೆಗೂ. ರಸ್ತೆಯ ಈಚೆ ಬದಿಯಿಂದ ನೋಡಿ ಬರೋಣ ಅಂತ. ಅವನೇ ಗಾಜಿನೊಳಗಿಂದ ನೋಡಿ, ಬನ್ನಿ ಬನ್ನಿ ಎಂದು ಕೈ ಬೀಸಿದ. ಕ್ಷಮಿಸಿಬಿಟ್ಟ ಅಂದುಕೊಂಡೆ. ಸಿಗ್ನಲ್ ಕೂಡ ನೋಡದೆ ದಾಟಿದೆ.

"ಏನ್ ಕೊಡ್ಲಿ, ಸ್ವಾಮಿ?"

ಮುಖ ನೋಡಿಯೇ ಕೇಳಿದ. ಹಿಂದೆ ಫೊರ್ತುನೆ ಅಕ್ಕ ಕಲ್ಲಾಗಿ ನಿಂತಿದ್ದಳು.

ಒಂದು ಸ್ಯಾಂಡ್‌ವಿಚ್ ಅಂದೆ. ಬ್ರೆಡ್ ಸೀಳಿದ. ಹರಿಸ್ಸಾ, ಆಲೂಗಡ್ಡೆ, ಮೊಟ್ಟೆ, ಆಲಿವ್. ಟ್ಯೂನಾ ಹಾಕುವುದನ್ನೇ ಮರೆತ. ಅಕ್ಕ ಹಾಕಲು ಮುಂದೆ ಬಂದಳು, ಬೇಡ ಎಂದು ಕಣ್ಸನ್ನೆ ಮಾಡಿದೆ. ಅವನು ಎದುರಿಗೆ ನಿಂತು, ಹೊಸ ಗಿರಾಕಿಗೆ ಹೇಳುವ ಹಾಗೆ ಮಾತು ತೆಗೆದ. ಇಲ್ಲಿ ಒಬ್ಬನಿದ್ದ, ತಯ್ಯೆಬ್ ಅಂತ. ಟ್ಯೂನಿಸ್‌ನವನೇ. ಒಡಹುಟ್ಟಿದವನಿಗಿಂತ ಹೆಚ್ಚು. ಮೋಸ ಮಾಡಿಬಿಟ್ಟ. ಸಬ್ಬತ್, ಒಲೆ, ಬೆಂಕಿ... ಪೂರ್ತಿ ಹೇಳಿದ. ಒಂದಕ್ಷರ ತಪ್ಪಲಿಲ್ಲ. ನಾನು ತಿನ್ನುತ್ತ ಕೇಳಿದೆ.

"ನೀವು ಈ ಕಡೆಯವರ ಥರ ಕಾಣ್ತೀರಿ. ಅವನು ಸಿಕ್ಕಿದ್ರೆ ಒಂದ್ ಮಾತು ಹೇಳಿ. ನನ್ ಕೈಲಿ ಒಬ್ಬನೇ ಆಗ್ತಿಲ್ಲ. ಬಂದು ತಪ್ಪಾಯ್ತು ಅಂದ್ರೆ ಸಾಕು. ನಟಾಫನ ಕಾಲು ಬೇಕಾದ್ರೂ ನಾನೇ ಹಿಡೀತೀನಿ."

ತಿನ್ನುತ್ತಿದ್ದುದನ್ನು ಕಟ್ಟೆಯ ಮೇಲಿಟ್ಟೆ.

"ತಪ್ಪಾಯ್ತು ಅಣ್ಣ" ಅಂದೆ.

ನನ್ನನ್ನೇ ನೋಡಿದ. ಆಮೇಲೆ, ತಲೆ ಸರಿಯಿಲ್ಲದವನನ್ನು ಸಮಾಧಾನ ಮಾಡುವ ಹಾಗೆ ನನ್ನ ಕೈ ತಟ್ಟಿದ.

"ನೀವ್ಯಾಕೆ ಹೇಳ್ತೀರಿ ಸ್ವಾಮಿ? ಅವನು ಬಂದು ಹೇಳ್ಲಿ."

ಅಕ್ಕ ಪಾತ್ರೆಗಳ ಮೇಲೆ ನಲ್ಲಿ ಜೋರಾಗಿ ಬಿಟ್ಟಳು.

ಮನೆಗೆ ಬಂದು ಆಗಿನಿಂದ ಕೂತಿದ್ದೇನೆ. ನಾಳೆ ಹೋಗಿ ಹೇಳಿಬಿಡಲೇ, ನಾನೇ ತಯ್ಯೆಬ್ ಅಂತ? ನಂಬಿ ಹೊರಗೆ ಅಟ್ಟಿದರೆ ಅಟ್ಟಲಿ. ನಂಬದೇ ಹೋದರೆ, ತಯ್ಯೆಬ್ ನಿನ್ನ ಹಾಗಿರಲಿಲ್ಲ ಅಂದುಬಿಟ್ಟರೆ, ಆಗ ನಾನು —