ಮರ ಬಿತ್ತು, ಪದ್ಮಿನಿ ಬಂದಳು

೪ ಮಾರ್ಚ್ ೨೦೧೪, ಮಂಗಳವಾರ
ಪೂಜೆ ಆಯಿತು. ಇವರಿಗೆ ಡಬ್ಬಿ ಕಟ್ಟಿದೆ. ಇಂದೂ ಎಂಆರ್‌ಟಿ ರೈಲಿನಲ್ಲೇ ಹೋದರು. ನಾವಿರುವ ಕಾಂಡೋ ಅಪಾರ್ಟ್‌ಮೆಂಟಿನ ಮರ ಬಿದ್ದು ಕಾರು ಅಪ್ಪಚ್ಚಿಯಾದ ಮೇಲೆ ಇದೇ ಪಾಡು. ಅದು ದೇವರ ಕೆಲಸ, ನಾವು ಜವಾಬ್ದಾರರಲ್ಲ ಅಂತ ಮ್ಯಾನೇಜ್‌ಮೆಂಟಿನವರು ಬರೆದುಕೊಟ್ಟಿದ್ದಾರೆ. ಮರ ಕಡಿಸದೆ ಬಿಟ್ಟವರು ಅವರು, ಹೊರಿಸುವುದು ಭಗವಂತನ ಮೇಲೆ.

ಸಂಜೆ ಕೆಳಗಿನ ಮನೆಯ ಪದ್ಮಿನಿ ಲ್ಯಾಪ್‌ಟಾಪ್ ಹಿಡಿದು ಬಂದಳು — ಮತ್ತೆ. ತಂಜಾಂಗ್ ಪಗಾರ್ ಕಡೆಯ ಆಫೀಸೊಂದರಲ್ಲಿ ಇನ್ಶೂರೆನ್ಸ್ ಕೆಲಸ ಅವಳದು. ಅದೇ ಮರದಿಂದ ಹಿಂದೆಯೂ ಯಾರಿಗಾದರೂ ಡ್ಯಾಮೇಜ್ ಆಗಿ ಕ್ಲೇಮ್ ಕೊಟ್ಟ ರೆಕಾರ್ಡ್ ಸಿಕ್ಕರೆ ಕಾಂಡೋದವರೇ ದುಡ್ಡು ಕೊಡಬೇಕಂತೆ.

"ಪಟ್ಟಾಭಿ, ಇಲ್ಲಿ ನೋಡಿ" ಅನ್ನುತ್ತಾಳೆ. ಮದುವೆಯಾದಾಗಿನಿಂದ ನನ್ನ ಬಾಯಿಂದ ಬರದ ಹೆಸರು. ಬರೆದರೆ ದೋಷವಿಲ್ಲ, ಆಡಿದರೆ ಗಂಡನ ಆಯಸ್ಸು ಕಡಿಮೆ ಅಂತ ಅಮ್ಮ ಹೇಳಿದ್ದಳು. ಇವರೋ, ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡರು.

೬ ಮಾರ್ಚ್
ಮ್ಯಾನೇಜ್‌ಮೆಂಟ್ ಆಫೀಸಿನ ಹುಡುಗಿ ಫೋನ್ ಮಾಡಿದ್ದಳು. ಹಳೇ ರೆಕಾರ್ಡ್ ಬೇಕಾದರೆ ಓನರ್ ಹೆಸರು ಹೇಳಿ ಅಂದಳು. ಹಸ್ಬೆಂಡ್ ಅಂದೆ. ಹೆಸರು ಅಂದಳು. ಮತ್ತೆ ಹಸ್ಬೆಂಡ್ ಅಂದೆ. ಫೋನ್ ಇಟ್ಟುಬಿಟ್ಟಳು.

ಇವರು ಅದನ್ನೂ ಪದ್ಮಿನಿಗೆ ಹೇಳಿ ನಕ್ಕರು. "ಸೋ ಸ್ವೀಟ್, ಆಂಟಿ" ಅಂದಳು. ಗಂಡ ಪಟ್ಟಾಭಿ, ಹೆಂಡತಿ ಆಂಟಿ. ಕಾಫಿಗೆ ಸಕ್ಕರೆ ಹಾಕಲಿಲ್ಲ ಅವಳಿಗೆ.

೧೧ ಮಾರ್ಚ್
ನಾನೇ ಆಫೀಸಿಗೆ ಹೋದೆ. ಇವರ ಹೆಸರು ಚೀಟಿಯಲ್ಲಿ ಬರೆದು, ನನ್ನ ಐಡಿ ಕಾರ್ಡ್ ತೋರಿಸಿದೆ. "ಕ್ಯಾನ್ ಲಾ, ಆಂಟಿ" ಅಂತ, ಅಂದರೆ ಆಗುತ್ತೆ ಅಂತ, ಹುಡುಗಿ ಎಲ್ಲ ಪ್ರಿಂಟ್ ಮಾಡಿಕೊಟ್ಟಳು. ಪೂರಾ ಇಂಗ್ಲಿಷು, ನನಗೆ ಓದಲು ಬಾರದು. ದೇವರ ಮುಂದಿಟ್ಟು ಹೂವು ಏರಿಸಿ ಇವರ ಕೈಗೆ ಕೊಟ್ಟೆ. ಇವರು ಎದ್ದು ನೇರ ಲಿಫ್ಟಿಗೆ ಹೋದರು. ಪದ್ಮಿನಿಗೆ ಕೊಡಲು.

೧೫ ಮಾರ್ಚ್, ಶನಿವಾರ
ಪದ್ಮಿನಿ ಮನೆಗೆ ಬಂದು ತೋರಿಸಿದಳು. ಎರಡು ವರ್ಷದ ಹಿಂದೆ ಅದೇ ಮರದ ಕೊಂಬೆ ಯಾರದೋ ವ್ಯಾನ್ ಮೇಲೆ ಬಿದ್ದಿದೆ, ಕ್ಲೇಮ್ ಕೊಟ್ಟಿದ್ದಾರೆ. ಮರ ಒಳಗೆ ಟೊಳ್ಳು ಅಂತ ಆಗಲೇ ಬರೆದಿದ್ದಾರೆ.

"ಪದ್ಮಿನಿ, ನೀವಿಲ್ದಿದ್ರೆ ಈ ಮನೇಲಿ ಒಂದು ಕೆಲಸಾನೂ ಆಗ್ತಿರ್ಲಿಲ್ಲ" ಅಂದರು ಇವರು.

ಈ ಮನೇಲಿ.

ಕಾಫಿ ಹಿಡಿದು ನಿಂತಿದ್ದೆ. ರಾಯರನ್ನು ನೆನೆದೆ. ಆದರೂ ತಡೆಯಲಾಗಲಿಲ್ಲ.

"ಪಟ್ಟಾಭಿ, ಆ ಪೇಪರ್ ತಂದೋಳು ನಾನು."

ಯಾರೂ ನಗಲಿಲ್ಲ. ಪದ್ಮಿನಿ ಲ್ಯಾಪ್‌ಟಾಪ್ ಮುಚ್ಚಿ, ಬರ್ತೀನಿ ಅಂತ ಎದ್ದಳು.

ದೇವರ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವರ ಆಯಸ್ಸಿಗೆಂದು ತುಪ್ಪದ ದೀಪ ಹಚ್ಚಿದೆ. ತಪ್ಪಾಯಿತು ಅನ್ನಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಇವರು ಬಾಗಿಲಿಗೆ ಬಂದು ನಿಂತಿದ್ದಾರೆ. ಯಾವತ್ತಿನ ಹಾಗೆ 'ಲೇ' ಅನ್ನಲಿಲ್ಲ. ಭಾಗೀರಥಿ, ಅಂದರು. ಇನ್ನೂ ಏನೋ ಹೇಳ—